ಅಜ್ಜಿ ಹೇಳದ ಸೊಪ್ಪು

ಹನುಮೇಶನ ಸೊಪ್ಪಿನ ಚೀಲಕ್ಕೆ ನಿನ್ನೆ ಒಂದು ಕುರಿ ಬಾಯಿ ಹಾಕಿದ್ದರಿಂದ ಇಷ್ಟೆಲ್ಲ ಆಯಿತು. ಕುರಿ ಪಕ್ಕದ ಮನೆಯ ಹುಲಿಗೆಮ್ಮಜ್ಜಿಯದು. ಆದ ನಷ್ಟಕ್ಕೆ ಅಜ್ಜಿ ತಾನೇ ಯಾವುದೋ ಸೊಪ್ಪು ಅರೆದು, ಒಂದು ಚೊಂಬು ರಸ ತಂದುಕೊಟ್ಟಳು.

ವಿಷದ ರಾಸಾಯನಿಕ ಬಳಸದೆ, ಬರೀ ಸೊಪ್ಪಿನ ರಸದಿಂದ ರೋಗಾಣು ಕೊಲ್ಲುವ ಬೆಳ್ಳಿಯ ನ್ಯಾನೋ ಕಣ ಮಾಡುವುದು ಹನುಮೇಶನ ಪಿಎಚ್‌ಡಿ. ನಾಲ್ಕು ವರ್ಷದಲ್ಲಿ ಹತ್ತಾರು ಸೊಪ್ಪು ಕೈಕೊಟ್ಟಿದ್ದವು. ಅಜ್ಜಿಯ ರಸ ಬಿದ್ದದ್ದೇ ಬೆಳ್ಳಿ ಲವಣದ ನೀರು ತಮ್ಮೂರು ಮತ್ತೋಡಿನ ಸಂಜೆಯಂತೆ ಮೆಲ್ಲಗೆ ಕೆಂಪೇರಿತು. ಬೆಳಿಗ್ಗೆ ನೋಡಿದರೆ ಗಾಜಿನ ತಟ್ಟೆಯಲ್ಲಿ, ಹನಿ ಬಿದ್ದ ಕಡೆಯೆಲ್ಲ ಬ್ಯಾಕ್ಟೀರಿಯಾ ಸತ್ತು, ಚಂದ್ರನ ಸುತ್ತ ಬೆಳಕಿನ ಬಳೆ ಕಟ್ಟಿದಂಥ ತಿಳಿ ಉಂಗುರ. ಆ ಉಂಗುರದೊಳಗೆ ಹನುಮೇಶ ಮನಸ್ಸಿನಲ್ಲೇ ಪದವಿಯ ಗೌನು ತೊಟ್ಟು, ಹತ್ತಿಯಷ್ಟು ಹಗುರಾಗಿ ತೇಲಿದ.

ಮಧ್ಯಾಹ್ನ ಗೈಡ್ ಗಂಗಾಧರಪ್ಪನವರು ದುರ್ಗದಿಂದ ಬರುವವರಿದ್ದರು. ಸೊಪ್ಪಿನ ಹೆಸರು ಬರೆದು ತೋರಿಸಿದರೆ ಪ್ರಬಂಧಕ್ಕೆ ಸಹಿ. ಇಂದೇ ಕೊನೆಯ ಗಡುವು.

“ಹೆಸರು ಹೇಳಬಾರದು ಕಣಪ್ಪ,” ಎಂದಳು ಅಜ್ಜಿ. “ಹೇಳಿದ್ರೆ ಮದ್ದಿನ ಸತ್ವ ಹೋಗ್ತೈತೆ. ಯಾರಿಗೂ ಹೇಳಲ್ಲ ಅಂತ ಕುರಿ ಮುಟ್ಟಿ ಆಣೆ ಇಡು, ಕಿವ್ಯಾಗ ಹೇಳ್ತೀನಿ.”

ಬರೆಯಲಾಗದ ಹೆಸರು ತಿಳಿದು ಏನು ಫಲ? ಹನುಮೇಶ ರಸ ಹಿಂಡಿದ ಚರಟವನ್ನಾದರೂ ಕೇಳಿದ. ಅದು ಆಗಲೇ ಕುರಿಯ ಹೊಟ್ಟೆ ಸೇರಿತ್ತು. ಹಾಗಾದರೆ ಕುರಿಯ ಹಿಂದೆ ಹೋಗು, ರುಚಿ ಹತ್ತಿದ ಗಿಡವನ್ನು ಅದೇ ತೋರಿಸುತ್ತದೆ ಎಂದು ಟೀ ಅಂಗಡಿ ಮುರುಗೇಶಪ್ಪ ಸಲಹೆ ಕೊಟ್ಟ. ಹನುಮೇಶ ಎರಡು ಮೈಲಿ ಹೋದ. ಕುರಿ ಬೇಲಿಗಿಷ್ಟು, ಬದುವಿಗಿಷ್ಟು ಬಾಯಿ ಹಾಕಿ, ಕೊನೆಗೆ ಟ್ಯೂಷನ್ ಕ್ಲಾಸಿನ ಪೋಸ್ಟರೊಂದನ್ನು ಶ್ರದ್ಧೆಯಿಂದ ತಿಂದಿತು. ಕಟ್ಟೆಯ ಮೇಲಿದ್ದ ಸಣ್ಣಪ್ಪ ಥೇಟ್ ಪ್ರೊಫೆಸರ್ ದನಿ ತೆಗೆದು, ಇವರಿಬ್ಬರಲ್ಲಿ ಗೈಡ್ ಯಾರು ಎಂದು ವಿಚಾರಿಸಿದ.

ಗಂಗಾಧರಪ್ಪನವರು ಬಂದರು. ಉಂಗುರ ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದರು. ಆಣೆಯ ಸುದ್ದಿಗೆ ಮಾತ್ರ ಕೆರಳಿದರು. ವಿಜ್ಞಾನದಲ್ಲಿ ಆಣೆ ಎಲ್ಲಿಂದ ಬಂತು, ಕೇಳುವ ಹಾಗೆ ಕೇಳಬೇಕು ಎನ್ನುತ್ತ ತಾವೇ ಅಜ್ಜಿಯ ಕುರಿ ರೊಪ್ಪಕ್ಕೆ ನುಗ್ಗಿದರು.

ಹತ್ತು ನಿಮಿಷಕ್ಕೆ ಹೊರಬಂದಾಗ ಅವರ ಕಣ್ಣು ಎಲ್ಲೋ ದೂರದಲ್ಲಿತ್ತು.

“ಗೊತ್ತಾಯ್ತಾ ಸಾರ್?”

“ಗೊತ್ತಾಯ್ತು. ಎಂಥ ಗಿಡ ಕಣಯ್ಯ. ದಿನಾ ತುಳ್ಕಂಡು ಓಡಾಡ್ತೀವಿ.”

ಹನುಮೇಶ ಪೆನ್ನು ತೆಗೆದ. “ಹೇಳ್ರಿ ಸಾರ್, ಬರ್ಕಂತೀನಿ.”

ಗಂಗಾಧರಪ್ಪನವರು ಅಂಗೈಗೆ ಅಂಟಿದ್ದ ಕುರಿ ಉಣ್ಣೆಯನ್ನು ಮೆಲ್ಲಗೆ ಬಿಡಿಸಿಕೊಂಡರು.

“ಆಣೆ ಇಟ್ಟೀನಪ್ಪ. ಹೆಸರಿಲ್ದೆ ಬರೆದ್ರೆ ರೂಲ್ಸ್ ಪ್ರಕಾರ ಸಹಿ ಹಾಕಂಗಿಲ್ಲ. ಹೆಸರು ಬರೆದ್ರೆ ನಾನೇ ಹೇಳಿದಂಗಾಗ್ತೈತೆ, ಆಗ್ಲೂ ಹಾಕಂಗಿಲ್ಲ. ಬೇರೆ ಸೊಪ್ಪು ನೋಡು.”