ಹಾರುವ ಕಾರಿನ ಖಾಲಿ ಸೀಟು

ಸತ್ತವರ ಮೇಲೆ ನನ್ನದೊಂದು ದೂರಿದೆ. ಬದುಕಿರುವಾಗ ನೆಟ್ಟಗೆ ಒಂದು ಫೋಟೋ ತೆಗೆಸಿಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಪ್ರಾಣ ಹೋದರೆ ಮಧ್ಯಾಹ್ನದೊಳಗೆ ಸರ್ಕಲ್ಲಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಬ್ಯಾನರ್ ನಿಲ್ಲಬೇಕು. ಮನೆಯವರು ತರುವುದು ಮಾತ್ರ ಆಧಾರ್ ಕಾರ್ಡಿನ ಮಸಿಮುಖ, ಇಲ್ಲವೇ ಯಾರದೋ ಮದುವೆಯಲ್ಲಿ ಬಾಯಿತುಂಬ ಬುಂದಿ ತುಂಬಿಕೊಂಡಾಗ ತೆಗೆದದ್ದು. ಗಜೇಂದ್ರಗಡದ ನನ್ನ ಫೋಟೋ ಸ್ಟುಡಿಯೋ ಬ್ಯಾನರ್ ಅಂಗಡಿಯಾದ ಮೇಲೆ ಊರಿನ ಸಾವಿನ ಸುದ್ದಿ ನೆಂಟರಿಗಿಂತ ಮೊದಲು ನನಗೆ ತಲುಪುತ್ತದೆ. ಕೆಮ್ಮುವ ಹಿರಿಯರು ನನ್ನ ಅಂಗಡಿಯ ಮುಂದೆ ತುಸು ಲಗುಬಗೆಯಿಂದಲೇ ಹೆಜ್ಜೆ ಹಾಕುತ್ತಾರೆ.

ಹಿಂದೆ ಹೀಗಿರಲಿಲ್ಲ. ಹೊಸದಾಗಿ ಮದುವೆಯಾದವರೆಲ್ಲ ನನ್ನಲ್ಲಿಗೇ ಬರುತ್ತಿದ್ದರು, ಏಕೆಂದರೆ ನನ್ನಲ್ಲಿ ‘ಮುಂದಿನ ಕಾಲ’ದ ಪರದೆ ಇತ್ತು. ಟ್ರ್ಯಾಕ್ಟರಿನ ಟ್ರೇಲರಿಗೆ ನಂಬರು ಬರೆಯುತ್ತಿದ್ದ ರೋಣದ ಪೇಂಟರೊಬ್ಬನಿಂದ ಬರೆಸಿದ್ದು. ಮುಗಿಲು ಮುಟ್ಟುವ ಕಟ್ಟಡ, ಮುಖ ಕಾಣಿಸುವ ಟೆಲಿಫೋನು, ಮುಂದೆ ಪ್ಲೈವುಡ್ಡಿನಲ್ಲಿ ಕೊಯ್ದ ಹಾರುವ ಕಾರು. ಪಾಪ, ಆತ ಬಸ್ಸು ಬಿಟ್ಟು ಬೇರೇನೂ ಹತ್ತಿದವನಲ್ಲ. ಹೀಗಾಗಿ ಕಾರಿಗೆ ರೆಕ್ಕೆಯ ಜೊತೆಗೆ ಟಾಪಿಗೆ ಹತ್ತುವ ಏಣಿಯೂ ಇತ್ತು. ‘ಗಜೇಂದ್ರಗಡ–ಚಂದ್ರಲೋಕ, ವಯಾ ನರೇಗಲ್’ ಎಂಬ ಬೋರ್ಡೂ ಇತ್ತು. ಗಂಡಹೆಂಡಿರು ಅದರ ಹಿಂದೆ ಬೆಂಚಿನ ಮೇಲೆ ಕೂಡುತ್ತಿದ್ದರು. ನಾನು ಕ್ಯಾಮೆರಾದ ಹಿಂದಿನಿಂದ “ನಗ್ರೀ” ಎಂದು ಕೂಗುತ್ತಿದ್ದೆ. ಊರಿನ ಅರ್ಧ ಜನ ನಾನು ಹೇಳಿದ್ದಕ್ಕೆ ನಕ್ಕಿದ್ದಾರೆ.

ಆಮೇಲೆ ಮುಂದಿನ ಕಾಲ ಬಂತು. ಗುಡ್ಡದ ಮೇಲೆ ಗಾಳಿಯಂತ್ರ ಬಂದವು, ಮುಖ ಕಾಣಿಸುವ ಫೋನು ಕಿಸೆಗೇ ಬಂತು, ಕಾರು ಮಾತ್ರ ನರೇಗಲ್ಲಿನವರೆಗೂ ಹಾರಲಿಲ್ಲ. ಪರದೆಯನ್ನು ಇಲಿ ತಿಂದವು. ಈಗಿನ ಹುಡುಗರು ಅದರ ಹಳೆಯ ಫೋಟೋ ನೋಡಿ, ಅವೇ ಕಟ್ಟಡ, ಅದೇ ಏಣಿಯ ಕಾರನ್ನು ಕಂಪ್ಯೂಟರಿನಲ್ಲಿ ಬರೆದು ‘ರೆಟ್ರೋ’ ಎನ್ನುತ್ತಾರೆ. ನಾವು ಬರುತ್ತದೆಂದು ಕಾಯುತ್ತಿದ್ದುದು ಅವರಿಗೆ ಆಗಿಹೋದ ಕಾಲ.

ಹೋದ ತಿಂಗಳು ನೇಕಾರ ಈರಪ್ಪ ತೀರಿಕೊಂಡ. ಅವನ ಮೈದುನ ತಂದದ್ದು ಮನೆಯಲ್ಲಿದ್ದ ಒಂದೇ ಫೋಟೋ. ಹಾರುವ ಕಾರಿನಲ್ಲಿ ಈರಪ್ಪ, ಬಾಜೂಕ ಹೆಂಡತಿ ಶಾಂತವ್ವ. ಕಾರು ಅಳಿಸಿ ಮೋಡ ಹಾಕೋಣವೆಂದರೆ ಪ್ಲೈವುಡ್ಡಿನ ಹಿಂದಿದ್ದ ಈರಪ್ಪನಿಗೆ ಎದೆಯಿಂದ ಕೆಳಗೆ ದೇಹವೇ ಇಲ್ಲ. ಹಾಗಾಗಿ ಕಾರು ಉಳಿಯಲೇಬೇಕು. ಜೀವಂತ ಇರುವವರನ್ನು ಶ್ರದ್ಧಾಂಜಲಿಯಲ್ಲಿ ಕೂಡಿಸಬಾರದು, ಹಾಗಾಗಿ ಶಾಂತವ್ವ ಇಳಿಯಲೇಬೇಕು. ಹೇಳಿದರೆ ತಾನೇ ಚಿತ್ರ ಬರೆಯುವ, ಕಂಪ್ಯೂಟರಿನೊಳಗಿನ ಹೊಸ ಎಐ ಮಶೀನಿಗೆ ಆಕೆಯನ್ನು ತೆಗೆ ಎಂದೆ. ತೆಗೆಯಿತು. ಅವಸರದಲ್ಲಿ ಸರಿಯಾಗಿ ನೋಡದೆ, ಒಪ್ಪಿಗೆ ಕೇಳಲು ಮೊಬೈಲ್ ಹಿಡಿದು ಅವರ ಮನೆಗೆ ಹೋದೆ.

ಪಡಸಾಲೆಯಲ್ಲಿ ನಮ್ಮ ಕಡೆಯ ರೂಢಿಯಂತೆ ಈರಪ್ಪನ ದೇಹವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಶಾಂತವ್ವ ಕಣ್ಣೊರೆಸಿಕೊಂಡು ಮೊಬೈಲ್ ನೋಡಿದಳು. ಅಳು ನಿಂತಿತು.

“ಅವರ ಬಾಜೂಕ ಕುಂತಾಕಿ ಯಾರ್ರೀ?”

ನೋಡಿದೆ. ಸೀಟು ಖಾಲಿ ಬಿಡಲಾರದ ಮಶೀನು ಅಲ್ಲೊಬ್ಬ ತುಟಿಬಣ್ಣದ ಸುಂದರಿಯನ್ನು ಕೂಡಿಸಿತ್ತು.

“ನಾ ಇನ್ನೂ ಇಲ್ಲೇ ಕುಂತೀನಲ್ರೀ! ಅಷ್ಟ್ರಾಗ ನನ್ನ ಜಾಗಾಕ್ಕ ಮತ್ತೊಬ್ಬಾಕಿ?”

“ನಾ ಅಲ್ರೀ ಯವ್ವಾ, ಮಶೀನ್ ಮಾಡೇತಿ,” ಎಂದೆ. ಸಾವಿನ ಮನೆಯಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿ ನಕ್ಕರು. ಶಾಂತವ್ವ ನಗಲಿಲ್ಲ. ಗಂಡನ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು: “ಯಾರನ್ನೂ ಕೂಡಸಬ್ಯಾಡ್ರಿ. ಖಾಲೀ ಇರ್ಲಿ. ಅವ್ರು ದಾರಿ ಕಾಯ್ತಾರ.”

ಅಂಗಡಿಗೆ ಬಂದು ಮಶೀನಿಗೆ ಎಷ್ಟು ಹೇಳಿದರೂ ಅದು ಒಮ್ಮೆ ಹೂಗುಚ್ಛ, ಒಮ್ಮೆ ನಾಯಿಯನ್ನು ಕೂಡಿಸಿತೇ ಹೊರತು ಸೀಟು ಖಾಲಿ ಬಿಡಲಿಲ್ಲ. ಕೊನೆಗೆ ಮೌಸು ಹಿಡಿದು ನಾನೇ ಕೆಂಪು ರೆಕ್ಸಿನ್ನಿನ ಖಾಲಿ ಸೀಟು ಬರೆದೆ. ಮಣ್ಣಿಗೆ ಒಯ್ಯುವ ಹೊತ್ತಿಗೆ ಬ್ಯಾನರ್ ನಿಂತಿತ್ತು. ಅದರ ಮುಂದೆ ಶಾಂತವ್ವ ಸ್ವಲ್ಪ ಹೊತ್ತು ನಿಂತಳು, ಸೀಟಿನ ಮೇಲೆ ಕೈಯಾಡಿಸಿ ಮುಂದೆ ಹೋದಳು.

ಅಂದಿನಿಂದ ನನಗೊಂದು ಹೆದರಿಕೆ ಹತ್ತಿಕೊಂಡಿತು. ಊರಿಗೆಲ್ಲ ಫೋಟೋ ತೆಗೆದ ನನ್ನದೇ ಪಾಸ್‌ಪೋರ್ಟ್ ಸೈಜಿನದು ಬಿಟ್ಟರೆ ನೆಟ್ಟಗಿನದೊಂದೂ ಇಲ್ಲ. ಆ ಕಾರಿನಲ್ಲಿ ನಾನು, ನಮ್ಮಾಕಿ ಒಮ್ಮೆಯೂ ಕೂತಿಲ್ಲ, ಕೂತರೆ ತೆಗೆಯುವವರಾರು? ಇಬ್ಬರ ಪಾಸ್‌ಪೋರ್ಟ್ ಫೋಟೋ ಕೊಟ್ಟು, ಹಾರುವ ಕಾರಿನಲ್ಲಿ ಕೂಡಿಸು ಎಂದು ಅದೇ ಮಶೀನಿಗೆ ಶರಣಾದೆ. ಭಾಳ ಚೆಂದ ಕೂಡಿಸಿತು. ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಹೋಗಿ ತೋರಿಸಿದೆ. ನಮ್ಮಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಮೊಬೈಲ್ ಹಿಡಿದು ಬಹಳ ಹೊತ್ತು ನೋಡಿದಳು.

“ನಾ ಬರೋಬ್ಬರಿ ಬಂದೀನಿ. ನನ್ನ ಬಾಜೂಕ ಕುಂತಾರಲ್ಲ, ಅವ್ರು ಯಾರ್ರೀ?”

“ನಾನಽ ಅಲ್ಲೇನ?”

“ನೀವು?” ಎಂದು ಮೊಬೈಲ್ ತಿರುಗಿ ನನ್ನ ಕೈಗಿಟ್ಟಳು. “ನೀವು ಹಿಂಗ ನಕ್ಕದ್ದು ಈ ಮನ್ಯಾಗ ನಾ ಯಾವಾಗೂ ನೋಡಿಲ್ಲ ಬಿಡ್ರಿ.”