ಮೂರು ಕಂತಿಗೆ ಐದು ಸ್ಟಾರ್

ಅಪರಾಧಿ ಎಷ್ಟೇ ಚಾಲಾಕಿಯಾಗಿರಲಿ, ನನ್ನ ಕಣ್ಣು ತಪ್ಪಿಸಿ ಹೋಗುವುದು ಸಾಧ್ಯವೇ ಇಲ್ಲ ಎಂದು ಆ ಭಾನುವಾರ ಬೆಳಿಗ್ಗೆ ಶಪಥ ಮಾಡಿದೆ. ಹಾಗೆ ಶಪಥ ಮಾಡುವ ಅಧಿಕಾರ ನನಗಿತ್ತು. ಹೊಟ್ಟೆಪಾಡಿಗೆ ವಿಮಾ ಕಚೇರಿಯ ಗುಮಾಸ್ತನಾದರೂ, ಫೋನಿನೊಳಗೆ ನಾನು ‘ಕೊಲೆಪ್ರಿಯರ ಕೂಟ’ದ ಸ್ಥಾಪಕಾಧ್ಯಕ್ಷ! ನಿಜವಾಗಿ ನಡೆದ ಅಪರಾಧಗಳ ಸರಣಿಗಳಲ್ಲಿ ಯಾವುದನ್ನು ನೋಡಬೇಕು, ಯಾವ ಪಾಡ್‌ಕಾಸ್ಟ್ ಕೇಳಬೇಕು ಎಂದು ಮುನ್ನೂರು ಜನ ನನ್ನ ಶಿಫಾರಸಿಗೆ ಕಾಯುತ್ತಾರೆ. ನಾನು ಐದು ಸ್ಟಾರ್ ಕೊಟ್ಟರೆ ಮುಗಿಯಿತು, ಆ ವಾರ ಮುನ್ನೂರು ಮನೆಗಳಲ್ಲಿ ಒಂದೇ ಹೆಣ.

ನಿಮಗೆ ಮಾತ್ರ ಒಂದು ಗುಟ್ಟು ಹೇಳುತ್ತೇನೆ. ಹೋದ ವಾರ ಐದು ಸ್ಟಾರ್ ಕೊಟ್ಟು ಹೊಗಳಿದ ಹನ್ನೆರಡು ಕಂತಿನ ಸರಣಿಯಲ್ಲಿ, ಮೂರನೆಯದಕ್ಕೇ ನಾನು ಗೊರಕೆ ಹೊಡೆದಿದ್ದೆ. ಈಗ ನೋಡಿದರೆ ನಮ್ಮ ಟೀವಿ ಹನ್ನೆರಡೂ ಕಂತು ನೋಡಿ ಮುಗಿದಿವೆ ಎನ್ನುತ್ತಿದೆ! ಸಾಲದ್ದಕ್ಕೆ ಕೂಟದಲ್ಲಿ ‘ಬಿಳಿಕೋಟು’ ಎಂಬ ಅಡ್ಡಹೆಸರಿನವರು, “ಒಂಬತ್ತನೇ ಕಂತಿನ ರಕ್ತಪರೀಕ್ಷೆ ಪೂರ್ತಿ ತಪ್ಪಲ್ಲವೇ, ಅಧ್ಯಕ್ಷರೇ?” ಎಂದು ಎಲ್ಲರೆದುರು ಕೇಳಿದ್ದರು. ಯಾರೋ ನಿವೃತ್ತ ಡಾಕ್ಟರಿರಬೇಕೆಂದು, “ಒಳ್ಳೆಯ ಪ್ರಶ್ನೆ ಸರ್” ಎಂದು ಶುರುಮಾಡಿ ಒಂದು ಪುಟ ಬರೆದು ನುಣುಚಿಕೊಂಡಿದ್ದೆ. ನೋಡದೆಯೇ ಹೊಗಳಿದ್ದೇನೆಂದು ಗೊತ್ತಾದರೆ ನನ್ನ ಅಧ್ಯಕ್ಷಗಿರಿಯ ಗತಿಯೇನು? ಟೀವಿ ಮುಟ್ಟಿದವರನ್ನು ಹಿಡಿದು ಬಾಯಿ ಮುಚ್ಚಿಸಲೇಬೇಕಿತ್ತು.

ಮನೆಯಲ್ಲಿರುವವರು ಇಬ್ಬರೇ. ಹೆಂಡತಿಯನ್ನು ಮೊದಲೇ ಕೈಬಿಟ್ಟೆ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ರಕ್ತ ಪರೀಕ್ಷಿಸುವವಳು ಮನೆಗೆ ಬಂದೂ ರಕ್ತ ನೋಡುತ್ತಾಳೆಯೇ? ಅನುಮಾನವೆಲ್ಲ ಹೋಗಿ ನಿಂತದ್ದು ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್ ಮೇಲೆ.

ಕಪ್ಪು ರಿಮೋಟಿನ ಮೇಲೆ ಪೌಡರ್ ಉದುರಿಸಿ, ಶೇವಿಂಗ್ ಬ್ರಷ್‌ನಿಂದ ಶಾಸ್ತ್ರೋಕ್ತವಾಗಿ ಸವರಿದೆ. ಸೀನು ಬಂತು. ಡಬ್ಬಿ ಕೈಜಾರಿ ತಿರುಗುವ ಫ್ಯಾನಿನಡಿ ಬಿತ್ತು. ಸೋಫಾ, ಟೀವಿ, ಇಸ್ತ್ರಿ ಮಾಡಿಟ್ಟ ಬಟ್ಟೆ, ನನ್ನ ಮೀಸೆ, ಎಲ್ಲಕ್ಕೂ ಒಂದೇ ಬಣ್ಣ!

ಹೆಂಡತಿ ರೂಮಿನಿಂದ ಇಣುಕಿದಳು. “ಏನ್ರೀ ಇದು?”

“ಅಪರಾಧ ನಡೆದ ಜಾಗ. ಕಾಲಿಡಬೇಡ.”

“ಅದು ಕಾಣ್ತಾನೇ ಇದೆ. ಗುಡಿಸೋರು ಯಾರು?”

“ನಿಂಗೆ ಇದೆಲ್ಲ ಅರ್ಥ ಆಗಲ್ಲ ಬಿಡು.”

ಅವಳು ಒಳಗೆ ಹೋದಳು.

ಕಡೆಗೂ ಒಂದು ಹೆಬ್ಬೆರಳ ಗುರುತು ಸಿಕ್ಕಿತು. ಫೋಟೋ ತೆಗೆದು ಕೂಟಕ್ಕೆ ಹಾಕಿದೆ: “ಮಿತ್ರರೇ, ನಮ್ಮ ರಿಮೋಟ್ ಕದ್ದು ಬಳಸಿದವನ ಬೆರಳಚ್ಚು. ಪರಿಶೀಲಿಸಿ.”

ಒಂದೇ ನಿಮಿಷದಲ್ಲಿ ಬಿಳಿಕೋಟಿನವರ ಉತ್ತರ ಬಂತು. “ಇದು ನಿಮ್ಮದೇ ಹೆಬ್ಬೆರಳು. ನಡುವೆ ಅಡ್ಡಗೆರೆ ನೋಡಿ. ಹೋದ ವರ್ಷ ಈರುಳ್ಳಿ ಹೆಚ್ಚುವಾಗ ಆದ ಗಾಯ.”

ಬೆರಳು ನೋಡಿಕೊಂಡೆ. ನಿಜ! ಕೂಡಲೇ ಬರೆದೆ: “ಅದ್ಭುತ ಸರ್! ಬರೀ ಗುರುತು ನೋಡಿ ಈರುಳ್ಳಿ ಅಂತ ಹೇಗೆ ಪತ್ತೆಹಚ್ಚಿದಿರಿ?”

“ಪಟ್ಟಿ ಕಟ್ಟಿದ್ದು ನಾನೇ ಕಣ್ರೀ.”

ಮುನ್ನೂರು ಜನರ ನಗುವ ಮುಖಗಳು ಫೋನಿನ ತುಂಬ ಉದುರತೊಡಗಿದವು. ನಾನು ರೂಮಿಗೆ ಓಡಿದೆ. ಅವಳು ಮಂಚದ ಮೇಲೆ ಫೋನ್ ಹಿಡಿದು ಕೂತಿದ್ದಳು. ಬಿಳಿ ಕೋಟು ಎಂದಿನಂತೆ ಬಾಗಿಲ ಹಿಂದೆ ನೇತಾಡುತ್ತಿತ್ತು.

“ಯಾಕೆ ಹೇಳ್ಲಿಲ್ಲ?”

“ಏನು ನೋಡೋಣ ಅಂತ ಮನೇಲಿ ಕೇಳಿದ್ರೆ ಅರ್ಥ ಆಗಲ್ಲ ಬಿಡು ಅಂತೀರಿ. ಅಲ್ಲಿ ಕೇಳಿದ್ರೆ ಸರ್ ಅಂತ ಒಂದು ಪುಟ ಬರೀತೀರಿ. ನಿಮ್ಮ ಜೊತೆ ಮಾತಾಡೋಕೆ ಅದೇ ವಾಸಿ ಅನ್ನಿಸ್ತು.”

ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಮುಖ ನೋಡದ ಮುನ್ನೂರು ಜನರಿಗೆ ಏನು ಹಿಡಿಸುತ್ತದೆಂದು ತಲೆ ಕೆಡಿಸಿಕೊಂಡವನು, ಪಕ್ಕದಲ್ಲಿ ಕೂತವಳನ್ನು ಒಮ್ಮೆಯೂ ಕೇಳಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಪೊರಕೆ ತಂದು ಮನೆಯಿಡೀ ಗುಡಿಸಿದೆ, ಸೋಫಾ ಕೊಡವಿದೆ, ಅವಳನ್ನು ಕರೆದು ಕೂರಿಸಿದೆ.

“ಈಗ ನೀನೇ ಶಿಫಾರಸು ಮಾಡು. ಏನು ನೋಡೋಣ?”

“ಅದೇ ಸರಣಿ.”

“ಅದನ್ನ ಪೂರ್ತಿ ನೋಡಿದ್ದೀಯಲ್ಲೇ!”

“ನಾನು ನೋಡಿದ್ದೀನಿ. ಗೊರಕೆ ಹೊಡೆದೋರು ನೀವು. ನಾಲ್ಕನೇ ಕಂತಿಂದ ಹಾಕಿ, ಅಧ್ಯಕ್ಷರೇ!”