ಹದಿನೇಳೆಂಟಕ್ಕೆ ಬಾಯಿ ಹಾಕಿದ್ದು

ತಪ್ಪು ಉತ್ತರ ಹೇಳಿ ಏಟು ತಿಂದವರು ಯಾವ ಊರಿಗೆ ಹೋದರೂ ಸಿಗುತ್ತಾರೆ. ಸರಿಯಾದ ಉತ್ತರ ಹೇಳಿ ಹದಿನೈದು ವರ್ಷದಿಂದ ಅಪರಾಧಿಯಾಗಿರುವವಳು ಬಂಗಾರಪೇಟೆ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಹಾಗೆಂದು ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದೇನೆ ಎಂದು ತಿಳಿಯಬೇಡಿ. ಹದಿನೇಳೆಂಟ್ಲ ನೂರಾ ಮೂವತ್ತಾರು. ಅಂದೂ ಅಷ್ಟೇ, ಇಂದೂ ಅಷ್ಟೇ. ನಂಬಿಕೆಯಿಲ್ಲದಿದ್ದರೆ ಹುಣಸೆ ಬೀಜ ಎಣಿಸಿ ನೋಡಿಕೊಳ್ಳಿ. ನಾನು ಹೇಳಿದ್ದರಲ್ಲಿ ಒಂದು ಬೀಜ ಹೆಚ್ಚಿರಲಿಲ್ಲ, ಒಂದು ಕಡಿಮೆಯಿರಲಿಲ್ಲ. ತಪ್ಪಿದ್ದುದು ಬೇರೆ ಕಡೆ. ಅದನ್ನು ಒಪ್ಪಿಕೊಳ್ಳುವುದಕ್ಕೇ ಕೂತಿದ್ದೇನೆ. ಆದರೆ ನನ್ನ ದಾರಿಯಲ್ಲಿ, ನನಗೆ ತೋಚಿದಷ್ಟು ಸುತ್ತಿಕೊಂಡು ಬಂದು ಒಪ್ಪಿಕೊಳ್ಳುತ್ತೇನೆ.

ನಾನು ಓದಿದ್ದು ಮೂರನೇ ಕ್ಲಾಸಿನ ಅರ್ಧದವರೆಗೆ. ಉಳಿದರ್ಧ ಮುಗಿಯುವುದರೊಳಗೆ ಅಮ್ಮನ ಜೊತೆ ತರಕಾರಿ ಬುಟ್ಟಿ ಹೊತ್ತು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋಗುವ ಕೆಲಸ ಬಂತು. ಬೇಜಾರೇನೂ ಆಗಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಕ್ಯಾಸಂಬಳ್ಳಿಗೆ ಹೋಗುವ ದಾರಿಯಲ್ಲಿರುವ ನಮ್ಮೂರ ಶಾಲೆಯಾದರೂ ಎಂಥದ್ದು? ಒಂದು ಕೋಣೆ, ನಾಲ್ಕು ಕ್ಲಾಸು, ಒಬ್ಬರು ಮೇಷ್ಟ್ರು. ಅವರ ಗಡಿಯಾರ ಕೆಟ್ಟು ಎಷ್ಟೋ ಕಾಲವಾಗಿತ್ತು. ಅಪ್ಪ ಕೂಲಿ ಮಾಡುತ್ತಿದ್ದ ಮೈಸೂರು ಮೈನ್ಸ್ ಚಿನ್ನದ ಗಣಿಯ ಕಡೆಯಿಂದ ಸೈರನ್ ಕೂಗಿದರೆ ಶಾಲೆಯ ಬಾಗಿಲು ತೆರೆಯುತ್ತಿತ್ತು. ಗಾಳಿ ನಮ್ಮ ಕಡೆ ಬೀಸದ ದಿನ ಸೈರನ್ನೂ ಕೇಳಿಸದು, ಶಾಲೆಯೂ ತೆರೆಯದು. ಮೇಷ್ಟ್ರು ಪಾಠ ಮಾಡುತ್ತಿದ್ದುದು ಕನ್ನಡದಲ್ಲಿ, ಬೈಯುತ್ತಿದ್ದುದು ತೆಲುಗಿನಲ್ಲಿ. ಪಾಠಕ್ಕಿಂತ ಬೈಗುಳವೇ ಹೆಚ್ಚಾಗಿದ್ದುದರಿಂದ ನಮಗೆಲ್ಲ ತೆಲುಗು ಬಹಳ ಚೆನ್ನಾಗಿ ಬಂತು.

ನನ್ನ ಹೆಸರು ಸಾಕಮ್ಮ. ಹೆಣ್ಣು ಸಾಕು ಎಂದು ಅಜ್ಜಿ ಇಟ್ಟ ಹೆಸರು. ದೇವರಿಗೆ ಕೇಳಿಸಲಿಲ್ಲವೋ ಏನೋ, ಮೂರು ವರ್ಷಕ್ಕೆ ನನ್ನ ತಂಗಿ ನಾಗರತ್ನ ಹುಟ್ಟಿದಳು. ಅವಳು ಬುದ್ಧಿವಂತೆ. ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ. ಬೆಳಗಿನ ಜಾವ ನಾನು ರಾಗಿ ಬೀಸುತ್ತಿದ್ದರೆ ಅವಳು ಪಕ್ಕದಲ್ಲಿ ಕೂತು ಮಗ್ಗಿ ಹೇಳುತ್ತಿದ್ದಳು. ಒಂದು ಸಾಲಿಗೆ ಕಲ್ಲು ಒಂದು ಸುತ್ತು. ಹಿಟ್ಟು ಮನೆಯವರ ಹೊಟ್ಟೆಗೆ ಹೋಯಿತು, ಮಗ್ಗಿ ನನ್ನ ತಲೆಗೆ ಹೋಯಿತು. ಆದರೆ ನಾಗು ಉತ್ತರ ಹೇಳುವ ಮೊದಲು ಒಮ್ಮೆ ಆಳವಾಗಿ ಉಸಿರೆಳೆದುಕೊಳ್ಳುವಳು. ನೀರಿಗೆ ಧುಮುಕುವವರು ಎಳೆದುಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ಉತ್ತರ. ಅದು ಅವಳ ಅಭ್ಯಾಸ.

ಆ ವರ್ಷ ಇನ್‌ಸ್ಪೆಕ್ಟರು ನಮ್ಮ ಶಾಲೆಯಿಂದ ಒಬ್ಬ ಹುಡುಗಿಯನ್ನು ಆರಿಸಿ ಬಂಗಾರಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಶಿಫಾರಸು ಮಾಡುವವರಿದ್ದರು. ನಮ್ಮೂರಲ್ಲಿ ನಾಲ್ಕನೆಯದೇ ಕೊನೆ. ಹಾಸ್ಟೆಲು ಸಿಕ್ಕರೆ ಮುಂದೆ ಓದು, ಇಲ್ಲದಿದ್ದರೆ ಬುಟ್ಟಿ. "ಊಟ ಅವ್ರೇ ಆಕ್ತಾರೆ ಅಂದ್ರೆ ಓಗ್ಲಿ" ಎಂದು ಅಪ್ಪನೂ ಒಪ್ಪಿದ್ದ. ಮೇಷ್ಟ್ರು ನಾಗುವನ್ನು ಆರು ತಿಂಗಳಿಂದ ತಯಾರು ಮಾಡಿದ್ದರು.

ಇನ್‌ಸ್ಪೆಕ್ಟರು ಬಂದದ್ದು ಅವರೆಕಾಯಿ ಕಾಲದಲ್ಲಿ. ಅರ್ಧ ಶಾಲೆ ಹೊಲದಲ್ಲಿ ಕಾಯಿ ಕೀಳುತ್ತಿತ್ತು. ಹಾಜರಿ ಪುಸ್ತಕದಲ್ಲಿದ್ದಷ್ಟು ತಲೆಗಳು ಕೋಣೆಯಲ್ಲಿರದಿದ್ದರೆ ಶಾಲೆಯೇ ಮುಚ್ಚಿಹೋಗುತ್ತದೆ ಎಂದು ಮೇಷ್ಟ್ರಿಗೆ ಭಯ. ಪಂಚೆ ಎತ್ತಿ ಕಟ್ಟಿ ಬೀದಿಗಿಳಿದು ಕೈಗೆ ಸಿಕ್ಕವರನ್ನೆಲ್ಲ ಹಿಡಿದು ತಂದು ಕೂರಿಸಿದರು. ನನಗೆ ನಾಲ್ಕನೇ ಕ್ಲಾಸಿನ ಪಾಪಮ್ಮ ಎಂದು ಹೆಸರು ಕೊಟ್ಟರು. ನಿಜವಾದ ಪಾಪಮ್ಮ ಮೇಕೆ ಹೊಡೆದುಕೊಂಡು ಗುಡ್ಡಕ್ಕೆ ಹೋಗಿದ್ದಳು. "ಹೆಸರು ಕೂಗಿದಾಗ ಹಾಜರ್ ಸಾರ್ ಅನ್ನು. ಅಷ್ಟೇ. ನೋರು ತೆರಿಸ್ತೇ ಚಂಪೇಸ್ತಾ" ಎಂದರು. ಬಾಯಿ ಬಿಟ್ಟರೆ ಕೊಂದೇಬಿಡುತ್ತೇನೆ ಎನ್ನುವ ಈ ಮಾತನ್ನು ತೆಲುಗಿನಲ್ಲಿ ಹೇಳಿದ್ದರಿಂದ ನಾನು ಗಂಭೀರವಾಗಿಯೇ ತೆಗೆದುಕೊಂಡೆ.

ನನ್ನ ಹಿಂದೆ ಕೂತಿದ್ದವನು ಮುನಿಸ್ವಾಮಿ. ಗಣಿಯಲ್ಲಿ ಕೂಲಿಗೆ ಸೇರಿ ಎರಡು ವರ್ಷವಾಗಿತ್ತು, ಮೀಸೆ ಬಂದಿತ್ತು. ಅವನನ್ನು ಎರಡನೇ ಕ್ಲಾಸಿಗೆ ಹಾಕಿದ್ದರು. ಇನ್‌ಸ್ಪೆಕ್ಟರು ಅವನ ಮುಂದೆ ಒಂದು ಗಳಿಗೆ ನಿಂತು, "ದೊಡ್ಡವನಾದ ಮೇಲೆ ಏನಾಗಬೇಕು ಅಂತಿದ್ದೀಯಪ್ಪಾ?" ಎಂದು ಕೇಳಿದರು.

"ಬರೋ ತಿಂಗ್ಳು ಮದ್ವೆ ಆಗ್ಬೇಕು ಅಂತಿದ್ದೀನಿ ಸಾರ್."

ಮೇಷ್ಟ್ರು ಗೋಡೆಯ ನಕಾಶೆಯಲ್ಲಿ ಏನನ್ನೋ ಹುಡುಕತೊಡಗಿದರು. ಇನ್‌ಸ್ಪೆಕ್ಟರಿಗೆ ತಿಳಿಯಲಿಲ್ಲವೇ ಎಂದರೆ, ಅವರೂ ಒಂದು ಕಾಲದಲ್ಲಿ ಮೇಷ್ಟ್ರಾಗಿದ್ದವರೇ. ಕೆಮ್ಮಿ ಮುಂದೆ ಬಂದರು. ನಾಗುವನ್ನು ನಿಲ್ಲಿಸಿದರು. "ಹದಿನೇಳೆಂಟ್ಲ ಎಷ್ಟಮ್ಮ?"

ನಾಗು ಉಸಿರೆಳೆದುಕೊಂಡಳು.

ಎಷ್ಟು ಹೊತ್ತು ಎಂದು ಈಗ ಯಾರು ಅಳೆಯುತ್ತಾರೆ? ನನಗಂತೂ ರಾಬರ್ಟ್‌ಸನ್‌ಪೇಟೆಗೆ ಹೋಗಿ ಬರುವಷ್ಟು ಹೊತ್ತು ಅನ್ನಿಸಿತು. "ನೂರಾ ಮೂವತ್ತಾರು!" ಎಂದು ಕಿರುಚಿದ್ದು ನಾನೇ ಎಂಬುದು ಎಲ್ಲರೂ ತಿರುಗಿ ನೋಡಿದ ಮೇಲೆ ಗೊತ್ತಾಯಿತು. ಇನ್‌ಸ್ಪೆಕ್ಟರಿಗೆ ಖುಷಿಯೋ ಖುಷಿ. ಪೂರ್ತಿ ಮಗ್ಗಿ ಹೇಳು ಎಂದರು. ಹೇಳಿದೆ. "ಅದ್ಯಾಕಮ್ಮ ಕೈ ಹಾಗೆ ತಿರುಗಿಸ್ತೀ?" ಎಂದರು. ಬಲಗೈ ತನ್ನಷ್ಟಕ್ಕೆ ಬೀಸೋಕಲ್ಲು ತಿರುಗಿಸುತ್ತಿತ್ತು. ಅದು ತಿರುಗದಿದ್ದರೆ ಮಗ್ಗಿ ಬರುವುದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಕೊನೆಗೆ ಹೆಸರು ಕೇಳಿದರು. "ಪಾಪಮ್ಮ ಸಾರ್" ಎಂದೆ. ಸುಳ್ಳು ಹೇಳಿದ್ದು ಕೂಡ ಮೇಷ್ಟ್ರ ಮಾತಿಗೆ ಮರ್ಯಾದೆ ಕೊಟ್ಟು. ಅವರು ಬರೆದುಕೊಂಡರು.

ತಿಂಗಳ ಮೇಲೆ ಹಾಸ್ಟೆಲಿನಿಂದ ಕಾಗದ ಬಂತು, ಪಾಪಮ್ಮನ ಹೆಸರಿಗೆ. ಮಗ್ಗಿ ಹೇಳಿದವಳು ಅವಳಲ್ಲ ಎಂದು ಬರೆದರೆ ಮೇಷ್ಟ್ರ ಕೆಲಸ ಹೋಗುತ್ತದೆ. ಅವರು ಪಾಪಮ್ಮನ ಮನೆಗೆ ಹೋದರು. ಅವಳ ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. "ನಮ್ಮುಡುಗಿ ಇಸ್ಕೂಲ್ ಕಡೆ ತಲೆ ಆಕಿ ಮಲ್ಗಿಲ್ಲ, ಎಂಗ್ ಸಾಮಿ ಪಾಸಾದ್ಲು? ಮೇಕೆಗಳೇನಾನ ಪಾಠ ಏಳಿದ್ವಾ?" ಎಂದು ಕೇಳಿದನಂತೆ. ಮೇಷ್ಟ್ರು ಎರಡು ತಿಂಗಳು ಮೇಕೆಗಳ ಹಿಂದೆಯೇ ತಿರುಗಿ ಅವಳಿಗೆ ಪಾಠ ಹೇಳಿದರು. ಅವಳು ಹೋದಳು, ಓದಿದಳು. ಈಗ ಟೀಚರು. ಎದುರಿಗೆ ಸಿಕ್ಕರೆ "ಏನ್ ಸಾಕಮ್ಮಕ್ಕ" ಎಂದು ನಗುತ್ತಾಳೆ. ಅವಳ ನಗು ಕಂಡರೆ ನನಗೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ಒಬ್ಬಳನ್ನು ಓದಿಸಿದ ಪುಣ್ಯ ನನ್ನದಲ್ಲವೇ?

ನಾಗು ಬುಟ್ಟಿ ಹೊತ್ತಳು. ಮನೆಯಲ್ಲಿ ಅತ್ತಿದ್ದು ಒಂದೇ ದಿನ. "ಅಕ್ಕ, ನಂಗ್ ಗೊತ್ತಿತ್ತು ಕಣೇ. ಉಸಿರು ತಗಂತಿದ್ದೆ" ಎಂದಳು. ನಾನು ಬಿಟ್ಟುಕೊಡುತ್ತೇನೆಯೇ? "ಇನ್‌ಸ್ಪೆಕ್ಟ್ರು ಕೇಳ್ದಾಗ ಯಾರಾನ ಉಸಿರು ತಗಂತಾರೇನೇ? ಮನೇಲೇ ತಗಂಡು ಓಗ್ಬೇಕು!" ಎಂದೆ. ಊರಲ್ಲಿ ಕೇಳಿದವರಿಗೆಲ್ಲ, ತಂಗಿ ತಡವರಿಸುತ್ತಿದ್ದಳು, ಕಾಪಾಡಲು ಹೋದೆ ಎಂದೆ. ಹದಿನೈದು ವರ್ಷ ಅದನ್ನೇ ಹೇಳಿದ್ದೇನೆ. ಅದು ಸುಳ್ಳು. ಆ ಗಳಿಗೆಯಲ್ಲಿ ನಾಗು ನನ್ನ ಮನಸ್ಸಿನಲ್ಲಿರಲೇ ಇಲ್ಲ. ನನಗೂ ಗೊತ್ತು ಎಂಬುದು ಯಾರಾದರೂ ಒಬ್ಬರಿಗೆ ಗೊತ್ತಾಗಬೇಕಿತ್ತು. ಮೂರನೇ ಕ್ಲಾಸಿನ ಅರ್ಧದಿಂದ ಆಚೆಗೆ, ತರಕಾರಿ ಬೆಲೆ ಎಷ್ಟು ಎನ್ನುವುದನ್ನು ಬಿಟ್ಟರೆ, ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಅಂದೂ ಕೇಳಿದ್ದು ಅವಳನ್ನು. ನಾನು ಕಿತ್ತುಕೊಂಡೆ. ಒಪ್ಪಿಕೊಂಡೆನಲ್ಲ? ಆದರೂ ಹೇಳುತ್ತೇನೆ, ಮತ್ತೆ ಅದೇ ಕೋಣೆಯಲ್ಲಿ ಕೂರಿಸಿದರೆ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಆಣೆಯಿಡಲಾರೆ.

ನಾಗುವನ್ನು ಬಂಗಾರಪೇಟೆಗೇ ಕೊಟ್ಟಿದ್ದೇವೆ. ಹಣೆಬರಹ ನೋಡಿ, ಅದೇ ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ಮನೆ. ಮೊನ್ನೆ ಅವರೆಕಾಯಿ ತೆಗೆದುಕೊಂಡು ಹೋಗಿದ್ದೆ. ಇಬ್ಬರೂ ಜಗಲಿಯಲ್ಲಿ ಕೂತು ಸುಲಿಯುತ್ತಿದ್ದೆವು. ಗೋಡೆಯಾಚೆ ಹುಡುಗಿಯರು ಮಗ್ಗಿ ಒಪ್ಪಿಸುತ್ತಿದ್ದರು. ಹದಿನಾರು ಮುಗಿದು ಹದಿನೇಳು ಶುರುವಾಯಿತು. ನನ್ನ ಬಲಗೈ ಮೆಲ್ಲಗೆ ತಿರುಗತೊಡಗಿದ್ದನ್ನು ಅವಳು ನೋಡಿದಳು. ಇನ್ನು ತಡೆಯಲಾಗಲಿಲ್ಲ.

"ನಾಗೂ, ಅವತ್ತಿಂದು ನಿನ್ ಮನ್ಸಲ್ಲಿ ಇನ್ನೂ ಐತೇನೇ?" ಎಂದು ಕೇಳಿಯೇಬಿಟ್ಟೆ.

ನಾಗು ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಕಾಯಿಯನ್ನು ಮೊರದೊಳಗಿಟ್ಟಳು. ನೀರಿಗೆ ಧುಮುಕುವವರ ಹಾಗೆ ಆಳವಾಗಿ ಉಸಿರೆಳೆದುಕೊಂಡಳು.

"ಎಲ್ಲೈತೆ, ಬಿಡು! ಎಷ್ಟ್ ವರ್ಷ ಆಯ್ತು!" ಎಂದೆ ನಾನು.

ಅವಳು ಉಸಿರು ಬಿಟ್ಟು, ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡಳು. ಈ ಸಲ ನಾನು ಹೇಳಿದ್ದು ಸರಿಯೋ ತಪ್ಪೋ ಎನ್ನಲು ಅಲ್ಲಿ ಯಾವ ಇನ್‌ಸ್ಪೆಕ್ಟರೂ ಇರಲಿಲ್ಲ.